ಮನೆಯವರ ರಕ್ತ

ನಮ್ಮಪ್ಪ ಯಾರಿಗೂ ಮೊದಲು ಹೆಸರು ಕೇಳುತ್ತಿರಲಿಲ್ಲ. ಕೆಳರೆಪ್ಪೆ ಎಳೆದು ನೋಡಬೇಕು, ನಾಲಿಗೆ ಚಾಚಿಸಬೇಕು, ಉಗುರು ಒತ್ತಿ ಬಿಟ್ಟು ಕೆಂಪು ಎಷ್ಟು ಹೊತ್ತಿಗೆ ವಾಪಸ್ ಬರುತ್ತದೆಂದು ನೋಡಬೇಕು, ಹೆಸರು ಆಮೇಲೆ. ಹೊಸಪೇಟೆಯ ನಮ್ಮ ಮನೆಯ ಪಡಸಾಲೆಯೇ ಅವನ ರಕ್ತಪರೀಕ್ಷೆಯ ಲ್ಯಾಬು. ಕಿಟಕಿಯ ಬೆಳಕಿಗೆ ಎದುರಾಗಿ ಮೇಜು, ಮೇಜಿನ ಮೇಲೆ ಮೈಕ್ರೋಸ್ಕೋಪು, ಪಕ್ಕದಲ್ಲಿ ರಕ್ತ ಕೊಡುವವರು ಕೂರುವ ಸ್ಟೂಲು. ಹಿಂದೆ ಒಂದು ಹಸಿರು ಪರದೆ, ಪರದೆಯ ಆಚೆ ನಮ್ಮ ಸಂಸಾರ. ಈ ಕಡೆ ಸ್ಪಿರಿಟ್ಟಿನ ವಾಸನೆ, ಆ ಕಡೆ ಒಗ್ಗರಣೆಯ ವಾಸನೆ. ಪರದೆಗೆ ಎರಡೂ ಹತ್ತಿಕೊಂಡು ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಸ್ಲೈಡಿಗೆ ಹಾಕುವ ಬಣ್ಣದಿಂದ ಅಪ್ಪನ ಬಲಗೈಯ ಎರಡು ಬೆರಳು ಯಾವಾಗಲೂ ನೇರಳೆ. ಅದೇ ಬೆರಳಲ್ಲಿ ರೊಟ್ಟಿ ಮುರಿಯುತ್ತಿದ್ದ. ಅಜ್ಜಿ ದಿನಾಲೂ ಅದನ್ನು ನೋಡಿ ಮುಖ ಸಿಂಡರಿಸುತ್ತಿದ್ದಳು, ದಿನಾಲೂ ಅವನ ತಟ್ಟೆಗೆ ಮೊದಲ ರೊಟ್ಟಿ ತಾನೇ ಹಾಕುತ್ತಿದ್ದಳು.

ಈ ಅಜ್ಜಿಯ ವಿಷಯ ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅವಳು ಅವ್ವನ ತಾಯಿ, ಅಪ್ಪನ ಸ್ವಂತ ಅಕ್ಕ. ಅಪ್ಪ ಎದೆಹಾಲು ಕುಡಿಯುವ ಕೂಸಾಗಿದ್ದಾಗಲೇ ಅವರ ತಾಯಿ ತೀರಿಕೊಂಡರು. ಅವನನ್ನು ಎತ್ತಿ, ತೊಳೆದು, ಉಣಿಸಿ ದೊಡ್ಡವನನ್ನು ಮಾಡಿದವಳು ಅಕ್ಕ. ದೊಡ್ಡವನಾದ ಮೇಲೆ ತನ್ನ ಮಗಳನ್ನೇ ಅವನಿಗೆ ಕೊಟ್ಟಳು. ನಮ್ಮ ಕಡೆ ಇದೇನು ಹೊಸದಲ್ಲ. ಮನೆಯಲ್ಲಿ ಸೋದರಮಾವ ಇದ್ದೂ ಹೊರಗೆ ಗಂಡು ಹುಡುಕಿದರೆ ಹುಡುಗಿಯಲ್ಲಿ ಏನೋ ಕುಂದಿದೆ ಅಂದುಕೊಳ್ಳುತ್ತಿದ್ದರು. ಅವ್ವ ಮದುವೆಗೆ ಮೊದಲು ಅಪ್ಪನನ್ನು ಮಾವ ಅನ್ನುತ್ತಿದ್ದಳು, ಮದುವೆಯಾದ ಮೇಲೂ ಮಾವ ಅಂದಳು, ಸಾಯುವ ತನಕ ಅದೇ. ಗಂಡ ತೀರಿಕೊಂಡ ಮೇಲೆ ಅಜ್ಜಿ ನಮ್ಮ ಮನೆಗೇ ಬಂದು ಉಳಿದಳು. ಅವಳ ಮಗ, ಅಂದರೆ ಅವ್ವನ ತಮ್ಮ ಬಸಣ್ಣಮಾವ, ಸಂಡೂರಿನ ಗಣಿಯಲ್ಲಿ ಕೆಲಸಕ್ಕಿದ್ದ. ನಾನು ಹುಟ್ಟಿದ ವಾರದಲ್ಲೇ ನನ್ನನ್ನು ಅವನಿಗೆ ಎಂದು ಅಜ್ಜಿ ಹೇಳಿಟ್ಟಿದ್ದಳು. ಬಂದವರ ಮುಂದೆಲ್ಲ ಅವಳದು ಒಂದೇ ಮಾತು:

“ನಮ್ಮ ಹೆಣ್ಮಕ್ಕಳು ನಮ್ಮ ಮನ್ಯಾಗ ಇರ್ತಾರ. ನಮ್ಮ ರಕ್ತ ಹೊರಗ ಹೋಗಿಲ್ಲ, ಹೊರಗಿಂದು ಒಳಗ ಬಂದಿಲ್ಲ ನೋಡ್ರಿ.”

ಅಪ್ಪನಿಗೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಸ್ಟೂಲಿನ ಮೇಲೆ ಕೂರುವ ಮೊದಲು ಎಲ್ಲರೂ ಬಾಗಿಲ ಪಕ್ಕದ ನಲ್ಲಿಯಲ್ಲಿ ಸೋಪು ಹಚ್ಚಿ ಕೈ ತೊಳೆದುಕೊಂಡು ಬರಬೇಕು. ಸಂಡೂರು, ವಡ್ಡು ಕಡೆಯಿಂದ ಅದಿರು ತುಂಬುವ ಹೆಂಗಸರು ಬರುತ್ತಿದ್ದರು. ಆ ಕೆಂಪು ಧೂಳು ಅಂಗೈಯ ಗೆರೆಗಳೊಳಗೆ ಕೂತು, ಮೈಯಲ್ಲಿ ರಕ್ತವೇ ಇಲ್ಲದವಳ ಕೈ ಕೂಡ ಗಟ್ಟಿಮುಟ್ಟಾದವಳ ಕೈಯಂತೆ ಕಾಣುತ್ತಿತ್ತು. ಲ್ಯಾಬು ತೆರೆದ ಹೊಸದರಲ್ಲಿ ಅಂಥ ಒಬ್ಬ ಬಸುರಿಯ ಅಂಗೈ ನೋಡಿ, ಏನೂ ಭಯ ಇಲ್ಲ ಎಂದು ಅಪ್ಪ ಕಳಿಸಿದ್ದನಂತೆ. ಹೆರಿಗೆಯಲ್ಲಿ ಅವಳು ಉಳಿಯಲಿಲ್ಲ. ಅವತ್ತಿನಿಂದ ಈ ಸೋಪು. ಮದುವೆ ಮನೆಯಿಂದ ಮದರಂಗಿ ಹಚ್ಚಿಕೊಂಡು ಬಂದವರಿದ್ದರೆ ಅಂಗೈ, ಉಗುರು ಎರಡನ್ನೂ ಬಿಟ್ಟು ಕೆಳರೆಪ್ಪೆಯನ್ನೇ ಎರಡೆರಡು ಸಲ ಎಳೆದು ನೋಡುತ್ತಿದ್ದ. ನಾನು ಪರದೆಯ ಸಂದಿಯಿಂದ ಇದನ್ನೆಲ್ಲ ನೋಡಿ ನೋಡಿಯೇ ಕಲಿತೆ. ಹತ್ತು ವರ್ಷಕ್ಕೆಲ್ಲ ನನಗೆ ಸ್ಲೈಡಿನ ಮೇಲೆ ರಕ್ತ ಸವರಲು ಬರುತ್ತಿತ್ತು.

ಈಗ ಆ ಪಡಸಾಲೆಯಲ್ಲಿ ನಾನು ಕೂರುತ್ತೇನೆ. ಅಪ್ಪ ಗಾಜಿನ ಕೊಳವೆಗೆ ಹನಿಹನಿ ನೀರು ಬಿಟ್ಟು, ರಕ್ತದ ಬಣ್ಣ ಪಕ್ಕದ ಕಂದು ಗಾಜಿಗೆ ಸರಿಹೋಗುವ ತನಕ ಉಸಿರು ಬಿಗಿಹಿಡಿದು ನೋಡುತ್ತಿದ್ದ ಹಿಮೋಗ್ಲೋಬಿನ್ನನ್ನು ಮೆಷಿನ್ನು ಈಗ ಒಂದು ನಿಮಿಷದಲ್ಲಿ ಚೀಟಿಯ ಮೇಲೆ ಬರೆದು ಕೊಡುತ್ತದೆ. ನನ್ನ ಬೆನ್ನು ಬಿದ್ದುಹೋಗಿದೆ, ಎರಡೂ ಕಣ್ಣಿಗೆ ಆಪರೇಷನ್ ಆಗಿದೆ, ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಸಾಕಪ್ಪ ಅನಿಸುತ್ತದೆ. ಆದರೂ ಚೀಟಿಯಲ್ಲಿ ರಕ್ತಕಣ ಸಣ್ಣದಿದೆ ಎಂದು ಬಂದರೆ ಸ್ಲೈಡು ಮಾಡಿ ಕಣ್ಣಾರೆ ನೋಡದೆ ನಾನು ರಿಪೋರ್ಟಿಗೆ ಸಹಿ ಹಾಕುವುದಿಲ್ಲ. ಮೆಷಿನ್ ಇರುವಾಗ ಇದೆಲ್ಲ ಯಾಕಮ್ಮ ಎಂದು ಡಾಕ್ಟರುಗಳು ನಗುತ್ತಾರೆ. ಎಲ್ಲರಿಗೂ ಕಥೆ ಹೇಳುತ್ತ ಕೂರಲು ನನಗೆ ತ್ರಾಣವಿಲ್ಲ, ನಾನೂ ನಕ್ಕು ಸುಮ್ಮನಾಗುತ್ತೇನೆ.

ನನ್ನ ತಂಗಿ ಗಿರಿಜಾ ನನಗಿಂತ ಐದು ವರ್ಷ ಚಿಕ್ಕವಳು. ಮೂರು ತುಂಬುವ ಹೊತ್ತಿಗೆ ಆಟದ ನಡುವೆ ಹಾಗೇ ಕೂತುಬಿಡುತ್ತಿದ್ದಳು. ಮುಖ ಬಿಳುಪು, ಕಣ್ಣಿನ ಬಿಳಿಯಲ್ಲಿ ಒಂದಿಷ್ಟು ಹಳದಿ, ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ಗೋಡೆಯ ಸುಣ್ಣ ಕೆರೆದು, ನನ್ನ ಬಳಪ ಕದ್ದು ತಿನ್ನುತ್ತಿದ್ದಳು. ಮಣ್ಣು ತಿಂದ ಹೊಟ್ಟೆ ಎಂದು ಅಜ್ಜಿ ತೀರ್ಮಾನ ಮಾಡಿಯಾಗಿತ್ತು. ಬಳಪ ಕೈಗೆ ಸಿಕ್ಕಿತೆಂದರೆ ಬೆನ್ನಿಗೊಂದು ಗುದ್ದು ಬೀಳುತ್ತಿತ್ತು. ಅಪ್ಪ ಅವಳ ರಕ್ತ ತೆಗೆದು ನೋಡಿದ. ರಕ್ತ ಕಡಿಮೆ, ಕಣಗಳು ಸಣ್ಣವು, ಬಣ್ಣಗೆಟ್ಟವು. ಮೈಯಲ್ಲಿ ಕಬ್ಬಿಣ ಸಾಲದಿದ್ದರೆ ಹಾಗಾಗುತ್ತದೆ, ನಮ್ಮಲ್ಲಿ ಬರುವ ಹೆಂಗಸರಲ್ಲಿ ಮುಕ್ಕಾಲು ಪಾಲು ಅದೇ. ಅಪ್ಪ ಕಬ್ಬಿಣದ ಟಾನಿಕ್ ತಂದಿಟ್ಟ. ಅದನ್ನು ಕುಡಿಸುವ ಕೆಲಸ ನನ್ನದು.

ದಿನಾ ಬೆಳಿಗ್ಗೆ ಹಾಲು ಕುಡಿಯುವ ಮೊದಲು ಆ ಶಾಸ್ತ್ರ. ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗಿನ ರುಚಿ, ಹಲ್ಲೆಲ್ಲ ಕಪ್ಪು. ಅವಳು ಬಾಯಿ ಬಿಗಿದುಕೊಳ್ಳುತ್ತಿದ್ದಳು, ನಾನು ಮೂಗು ಹಿಡಿಯುತ್ತಿದ್ದೆ. ಉಸಿರಿಗೆ ಬಾಯಿ ತೆರೆದಾಗ ಚಮಚ ಒಳಗೆ, ಅದರ ಹಿಂದೆಯೇ ಬೆಲ್ಲದ ಚೂರು.

“ಅಕ್ಕಾ, ಇವತ್ತೊಂದಿನ ಬ್ಯಾಡ. ನಾಳೆ ಎರಡು ಚಮಚ ಕುಡೀತೀನಿ.”

“ಬಾಯಿ ತಗೀಲೇ. ಅಪ್ಪ ನೋಡಿದ್ರ ನನಗ ಬೈತಾನ.”

ನಾಲ್ಕು ವರ್ಷ ಹೀಗೆ ನಡೆಯಿತು. ತಿಂಗಳಿಗೊಮ್ಮೆ ಅಪ್ಪ ಅವಳ ಬೆರಳು ಚುಚ್ಚುತ್ತಿದ್ದ, ಕೊಳವೆಗೆ ನೀರು ಬಿಡುತ್ತಿದ್ದ, ಬಣ್ಣ ಒಂದೆರಡು ಹನಿಗೇ ತೆಳ್ಳಗಾಗಿಬಿಡುತ್ತಿತ್ತು. ಒಂದು ಚಮಚ ಇದ್ದದ್ದು ಎರಡಾಯಿತು. ಬೇರೆಯವರಿಗೆ ಅವನು ಏನು ಹೇಳುತ್ತಿದ್ದ ಎಂದು ನನಗೆ ಬಾಯಿಪಾಠ ಬರುತ್ತಿತ್ತು: ಮೂರು ತಿಂಗಳು ಟಾನಿಕ್ ಕುಡಿದರೂ ರಕ್ತ ಏರಲಿಲ್ಲವೆಂದರೆ ಅದು ಬೇರೆ ಜಡ್ಡು, ದೊಡ್ಡ ಡಾಕ್ಟರಿಗೆ ತೋರಿಸ್ರಿ. ನಮ್ಮ ಮನೆಗೆ ಮಾತ್ರ ಆ ಮಾತು ಪರದೆ ದಾಟಿ ಬರಲಿಲ್ಲ. ಒಂದು ಸಲ ಅವನು ಊಟಕ್ಕೆ ಎದ್ದಾಗ ಗಿರಿಜಾಳ ಸ್ಲೈಡಿಗೆ ನಾನು ಕಣ್ಣು ಹಚ್ಚಿದೆ. ಒಳ್ಳೆಯ ಕಣ ದುಂಡಗಿದ್ದು ನಡುವೆ ತಿಳಿಯಾಗಿರುತ್ತದೆ. ಇವಳದರಲ್ಲಿ ಆ ತಿಳಿಯ ನಡುವೆ ಮತ್ತೊಂದು ಕೆಂಪು ಚುಕ್ಕೆ, ಹಣೆಗೆ ಬೊಟ್ಟು ಇಟ್ಟ ಹಾಗೆ. ಒಂದೆರಡಲ್ಲ, ಎಲ್ಲಿ ನೋಡಿದರಲ್ಲಿ.

“ಅಪ್ಪಾ, ಇದರ ನಡುವ ಬೊಟ್ಟು ಅದಾವಲ್ಲ?”

“ಬಣ್ಣ ಸರಿಯಾಗಿ ಹತ್ತಿಲ್ಲ. ಸ್ಲೈಡ್ ಒಣಗೋ ಮುಂದ ಹಂಗಾಗತೈತಿ. ಏಳು, ಉಂಡು ಸಾಲಿಗೆ ಹೋಗು.”

ಅವನು ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚದೆಯೇ ಹೇಳಿದ್ದ. ಸ್ಲೈಡನ್ನು ಎಳೆದುಕೊಂಡು ಹೋಗಿ ನೀರಿಗೆ ಹಿಡಿದ. ನೋಡದೇ ಹೇಗೆ ಹೇಳಿದ ಎಂದು ಕೇಳುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ. ಬುದ್ಧಿ ಇದ್ದಿದ್ದರೂ ಕೇಳುವ ಧೈರ್ಯ ಇರಲಿಲ್ಲ ಬಿಡಿ.

ಗಿರಿಜಾಳಿಗೆ ಏಳಾಗಿತ್ತು. ಮೆಟ್ರಿಯಲ್ಲಿ ನೆಂಟರ ಮದುವೆ. ಅಲ್ಲಿ ಅವಳಿಗೆ ಜ್ವರ ಬಂತು, ಮೂರನೇ ದಿನಕ್ಕೆ ನಿಲ್ಲಲಾಗಲಿಲ್ಲ. ಅಪ್ಪ ಎತ್ತಿಕೊಂಡೇ ಹೊಸಪೇಟೆಗೆ ತಂದ, ನೇರ ಮಕ್ಕಳ ಡಾಕ್ಟರ ಹತ್ತಿರ. ವಯಸ್ಸಾದ ಮನುಷ್ಯ, ಅಪ್ಪನ ರಿಪೋರ್ಟು ಎಂದರೆ ಕಣ್ಣು ಮುಚ್ಚಿ ನಂಬುವವರು. ಅವರು ರಿಪೋರ್ಟು ಕೇಳಲೇ ಇಲ್ಲ. ಅವಳ ಎಡ ಪಕ್ಕೆಲುಬಿನ ಕೆಳಗೆ ಬೆರಳೂರಿ, ಒತ್ತುತ್ತಾ ಒತ್ತುತ್ತಾ ಹೊಕ್ಕುಳದ ಹತ್ತಿರ ಬಂದು ನಿಲ್ಲಿಸಿದರು. ಅಲ್ಲಿಯ ತನಕ ಗುಲ್ಮ, ಡಾಕ್ಟರುಗಳು ಸ್ಪ್ಲೀನ್ ಅನ್ನುವುದು, ಬೆಳೆದಿತ್ತು. ಹಣೆ ಸವರಿದರು, ಉಬ್ಬಿದ ಕೆನ್ನೆಯ ಎಲುಬು ಮುಟ್ಟಿದರು, ಕಣ್ಣಿನ ಹಳದಿ ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿದರು.

“ನೀವು ಗಂಡ ಹೆಂಡತಿ ಸಂಬಂಧದಾಗ ಮದುವಿ ಆಗೀರೇನ್ರಿ?”

ಅಜ್ಜಿ ಹಿಂದಿನಿಂದ ಹೆಮ್ಮೆಯಿಂದಲೇ ಹೇಳಿದಳು:

“ಮತ್ತ ಬ್ಯಾರೇದಾರಿಗೆ ಕೊಡ್ತೀನೇನ್ರಿ? ನನ್ನ ತಮ್ಮಗ ನನ್ನ ಮಗಳ್ನ ಕೊಟ್ಟೀನಿ.”

ಡಾಕ್ಟರು ಸಮಾಧಾನವಾಗಿ ಬಿಡಿಸಿ ಹೇಳಿದರು. ಇದು ಕಬ್ಬಿಣ ಸಾಲದೆ ಬಂದದ್ದಲ್ಲ, ಮೈಯಲ್ಲಿ ರಕ್ತ ತಯಾರಾಗುವುದರಲ್ಲೇ ಹುಟ್ಟಿನಿಂದ ಬಂದ ದೋಷ, ಥಲಸ್ಸೀಮಿಯಾ ಇರಬಹುದು. ತಂದೆಯಲ್ಲಿ ಅರ್ಧ, ತಾಯಿಯಲ್ಲಿ ಅರ್ಧ ಇದ್ದರೆ ಅವರಿಗೆ ಗೊತ್ತೇ ಆಗುವುದಿಲ್ಲ. ಎರಡೂ ಒಂದೇ ಮಗುವಿಗೆ ಬಂದರೆ ಹೀಗೆ. ಸ್ಲೈಡಿನಲ್ಲಿ ಎರಡೂ ಜಡ್ಡಿನ ಕಣಗಳು ಸಣ್ಣಗೇ ಕಾಣುತ್ತವೆ, ಆದರೆ ಇದಕ್ಕೆ ಕಬ್ಬಿಣ ಕೊಟ್ಟರೆ ಅದು ರಕ್ತ ಆಗುವುದಿಲ್ಲ, ಯಕೃತ್ತು, ಹೃದಯದಲ್ಲೇ ಕೂತು ಅವನ್ನು ಕೆಡಿಸುತ್ತದೆ.

“ಹಲ್ಲು ಕಪ್ಪಾಗ್ಯಾವ, ಟಾನಿಕ್ ಯಾರು ಬರದಾರ?”

“ನಾನ್ರಿ,” ಎಂದ ಅಪ್ಪ.

“ಏನ್ರೀ ನೀವು, ಸ್ಲೈಡ್ ನೋಡೋರು...” ಡಾಕ್ಟರು ಮಾತನ್ನು ಅಲ್ಲಿಗೇ ಬಿಟ್ಟರು. “ನಾಳೆ ಈಕೀಗೆ ರಕ್ತ ಹಾಕೂನು. ಅದಕ್ಕಿಂತ ಮೊದಲ ಈಕೀದು, ನಿಮ್ಮದು, ನಿಮ್ಮ ಮನಿಯವ್ರದು ಮೂರೂ ತಗದು ಬಳ್ಳಾರಿಗೆ ಕಳಸ್ರಿ. ಬ್ಯಾರೆಯವ್ರ ರಕ್ತ ಕೂಡಿದ ಮ್ಯಾಲ ಈಕೀದು ತಿಳಿಯಂಗಿಲ್ಲ.”

ಮರುದಿನ ಬೆಳಿಗ್ಗೆ ನಮ್ಮ ಮನೆಯಲ್ಲಿ ಆದ ಜಗಳದಂಥದ್ದನ್ನು ನಾನು ಮತ್ತೆ ನೋಡಿಲ್ಲ. ಜಗಳ ಅಂದರೆ ಒಬ್ಬಳದೇ ದನಿ. ಅಪ್ಪ ಗಿರಿಜಾಳ ರಕ್ತ ಮಾತ್ರ ತೆಗೆದು ಸೀಸೆಗೆ ಹಾಕಿ, ಉಳಿದೆರಡು ಖಾಲಿ ಸೀಸೆ ಮೇಜಿನ ಮೇಲಿಟ್ಟು ಕೂತಿದ್ದ. ಅಜ್ಜಿ ಪರದೆ ಸರಿಸಿ ನಿಂತಿದ್ದಳು.

“ಮಣ್ಣು ತಿನ್ನೋ ಹುಡುಗಿಗೆ ಜ್ವರ ಬಂದ್ರ, ನಮ್ಮ ಮನಿತನದ ರಕ್ತ ಕೆಟ್ಟೈತಂತ ಬಳ್ಳಾರಿಗೆ ಬರದು ಕಳಸ್ತಿಯೇನು? ನಾನು ಕೊಟ್ಟ ಮಗಳು ಕೆಟ್ಟಾಳಂತ ಹೇಳ್ತಿಯೇನು? ಹೇಳು, ಹೇಳಿ ಕಳಸು!”

ಅಜ್ಜಿ ಸೆರಗು ಕೊಡವಿ ಹಿತ್ತಲಿಗೆ ಹೋದಳು. ನನಗೆ ಹನ್ನೆರಡು ವರ್ಷ, ಅಪ್ಪ ಇಷ್ಟು ಸಣ್ಣವನಾಗಿ ಕಾಣಬಹುದೆಂದು ಗೊತ್ತಿರಲಿಲ್ಲ. ಅವನ ಮೇಲೆ ಸಿಟ್ಟು ಬಂತು. ಒಳಗೆ ಗಿರಿಜಾ ಚಾಪೆಯ ಮೇಲೆ ಮಲಗಿ ಬಾಯಲ್ಲಿ ಉಸಿರಾಡುತ್ತಿದ್ದಳು, ಇಲ್ಲಿ ಇವನು ಖಾಲಿ ಸೀಸೆ ನೋಡುತ್ತ ಕೂತಿದ್ದಾನೆ. ಆಗ ಅವ್ವ ಬಂದಳು. ಹತ್ತಾರು ವರ್ಷದ ಸಂಸಾರದಲ್ಲಿ ತಾಯಿಗೂ ಗಂಡನಿಗೂ ಎದುರಾಡದ ಹೆಂಗಸು. ಹೊರಗೆ ಹೋಗಿ, ನಲ್ಲಿಯಲ್ಲಿ ಸೋಪು ಹಚ್ಚಿ ಕೈ ತೊಳೆದುಕೊಂಡು, ಬಂದು ಸ್ಟೂಲಿನ ಮೇಲೆ ಕೂತಳು. ಆ ಸ್ಟೂಲಿನ ಮೇಲೆ ನಮ್ಮವ್ವ ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಮಾವ, ನಿಮಗ ಮೊದಲ ಗೊತ್ತಿತ್ತೇನ್ರಿ?”

“ಅನುಮಾನ ಇತ್ತು.”

“ಎಂದಿನಿಂದ?”

“ಮೊದಲ್ನೇ ಸ್ಲೈಡಿನಿಂದ. ಇರಲಿಕ್ಕಿಲ್ಲ ಅನ್ಕೊಂಡೆ. ಟಾನಿಕ್‌ಗೆ ಏರತೈತಿ ಅನ್ಕೊಂಡೆ. ಅಕ್ಕಗ ನಾ ಏನಂತ ಹೇಳಲಿ? ತಾಯಿಯಾಗಿ ಸಾಕಿದಾಕಿ. ನಿನ್ನ ನನಗ ಕೊಟ್ಟಿದ್ದ ತಪ್ಪಾತು ಅಂತ ಹ್ಯಾಂಗ ಹೇಳಲಿ?”

“ಆಕೀಗೆ ಹೇಳಾಕ ಆಗದಿದ್ರ ಬಿಡ್ರಿ. ಹುಡುಗಿಗೆ ಕುಡಿಸೀರಲ್ಲ, ಅದಕ್ಕೇನಂತೀರಿ? ತಗೀರಿ ನನ್ನ ರಕ್ತ. ಬಸ್ಸಿಗೆ ಹೊತ್ತಾತು.”

ಅಪ್ಪ ತೆಗೆದ. ತನ್ನದನ್ನು ತೆಗೆದುಕೊಳ್ಳಲು ನನ್ನನ್ನು ಕರೆದ. ಎಡತೋಳಿಗೆ ರಬ್ಬರು ಕಟ್ಟಿ ಹಿಡಿದದ್ದು ನಾನು. ಊರಿನವರ ಕೈಯಲ್ಲಿ ಒಂದೇ ಚುಚ್ಚಿಗೆ ನರ ಹಿಡಿಯುವವನು ತನ್ನ ಕೈಗೆ ಮೂರು ಸಲ ಚುಚ್ಚಿಕೊಂಡ. ಕುಡಿಸಿದ್ದು ಅಪ್ಪನಲ್ಲ, ನಾನು ಎಂದು ಅವ್ವನಿಗೆ ಹೇಳಬೇಕೆನಿಸಿತು. ಹೇಳಲಿಲ್ಲ. ಮಧ್ಯಾಹ್ನ ಗಿರಿಜಾಳಿಗೆ ಮೊದಲ ಸಲ ರಕ್ತ ಹಾಕಿದರು. ಸಂಜೆಯ ಹೊತ್ತಿಗೆ ಅವಳ ತುಟಿಗೆ ಬಣ್ಣ ಬಂತು. ಎದ್ದು ಕೂತು ಮಂಡಕ್ಕಿ ಕೇಳಿದಳು, ಅವ್ವ ಗೋಡೆಯ ಕಡೆ ತಿರುಗಿ ಅತ್ತಳು.

ಬಳ್ಳಾರಿಯಿಂದ ಬಂದ ಕಾಗದದಲ್ಲಿ ಡಾಕ್ಟರು ಹೇಳಿದ್ದೇ ಇತ್ತು. ಅಪ್ಪನಲ್ಲಿ ಅರ್ಧ, ಅವ್ವನಲ್ಲಿ ಅರ್ಧ, ಗಿರಿಜಾಳಲ್ಲಿ ಪೂರ್ತಿ. ಅವಳು ಇಪ್ಪತ್ತೆಂಟು ವರ್ಷ ಬದುಕಿದಳು. ತಿಂಗಳಿಗೊಮ್ಮೆ ರಕ್ತ, ಆಮೇಲೆ ಮೈಯಲ್ಲಿ ಕೂಡಿದ ಕಬ್ಬಿಣ ಇಳಿಸುವ ಔಷಧಿ, ಗುಲ್ಮ ತೆಗೆಯುವ ಆಪರೇಷನ್. ಅದರ ನಡುವೆಯೇ ಓದಿದಳು, ನಕ್ಕಳು, ನನ್ನ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟಳು. ಕೊನೆಗೆ ಹೃದಯ ಸೋತಿತು. ಹಾಕಿಸಿಕೊಂಡ ರಕ್ತದಿಂದಲೂ ಕಬ್ಬಿಣ ಕೂಡುತ್ತದೆ, ಅದು ಅನಿವಾರ್ಯ ಎಂದು ಡಾಕ್ಟರುಗಳು ನನಗೆ ಎಷ್ಟೋ ಸಲ ಹೇಳಿದ್ದಾರೆ. ಅದರಲ್ಲಿ ರಕ್ತದ್ದೆಷ್ಟು, ನನ್ನ ಚಮಚದ್ದೆಷ್ಟು ಎಂದು ಬೇರೆ ಮಾಡಿ ಹೇಳುವ ಮೆಷಿನ್ನು ಇನ್ನೂ ಬಂದಿಲ್ಲ. ಒಂದು ಸಲ ಅವಳನ್ನೇ ಕೇಳಿದೆ, ನನ್ನ ಮೇಲೆ ಸಿಟ್ಟಿದೆಯೇ ಎಂದು. “ಬೆಲ್ಲ ಸಣ್ಣದು ಕೊಡ್ತಿದ್ದಿ, ಅದಕ್ಕ ಸಿಟ್ಟೈತಿ,” ಅಂದಳು. ನಾನು ಆ ಮಾತಿಗೆ ನಗಲೂ ಆಗದೆ ಎದ್ದು ಹೋದೆ.

ಕಾಗದ ಬಂದ ದಿನವೇ ಅಪ್ಪ ಅಜ್ಜಿಗೆ ಹೇಳಿದ. ಏನು ಹೇಳಿದನೋ, ಹಿತ್ತಲಿನಲ್ಲಿ ಇಬ್ಬರೇ ಕೂತಿದ್ದರು. ಎರಡು ದಿನ ಅವಳು ಉಣ್ಣಲಿಲ್ಲ. ಅಪ್ಪನ ತಟ್ಟೆಗೆ ಅವ್ವ ರೊಟ್ಟಿ ಹಾಕಿದಳು. ಮೂರನೇ ದಿನ ಬೆಂಚಿನ ಮೇಲೆ ಕಂಪ್ಲಿಯಿಂದ ಬಂದ ನಾಲ್ಕು ಜನ ಕಾಯುತ್ತಿದ್ದಾಗ ಅಜ್ಜಿ ಬಂದು ಅವರ ಜೊತೆ ಸರದಿಯಲ್ಲಿ ಕೂತಳು. ತನ್ನ ಸರದಿ ಬಂದಾಗ ಕೈ ತೊಳೆದುಕೊಂಡು ಬಂದು ಬೆರಳು ಚಾಚಿದಳು.

“ನಂದೂ ನೋಡು.”

“ಬ್ಯಾಡಕ್ಕ, ಈಗ ಅದರಿಂದ ಏನಾಗೋದೈತಿ?”

“ನೋಡಂದ್ರ ನೋಡೋ.”

ಅಪ್ಪ ಸ್ಲೈಡು ಮಾಡಿದ, ಬಣ್ಣ ಹಾಕಿದ, ಒಣಗಲು ಬಿಟ್ಟ. ಅಷ್ಟೂ ಹೊತ್ತು ಅಜ್ಜಿ ಸ್ಟೂಲು ಬಿಟ್ಟು ಏಳಲಿಲ್ಲ. ಅವನು ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದ, ಸ್ಲೈಡನ್ನು ಆ ಕಡೆ ಈ ಕಡೆ ಸರಿಸಿದ, ತಲೆ ಎತ್ತಿ ಗಂಟಲು ಸರಿ ಮಾಡಿಕೊಂಡ. ಬಣ್ಣ ಸರಿಯಾಗಿ ಹತ್ತಿಲ್ಲ ಎಂಬ ಮಾತು ಬಾಯಿಗೆ ಬರುತ್ತಿದೆ ಎಂದು ನನಗೆ ಗೊತ್ತಾಯಿತು. ನನಗಿಂತ ಮೊದಲು ಅವಳಿಗೆ ಗೊತ್ತಾಗಿತ್ತು.

“ಸುಳ್ಳು ಹೇಳಬ್ಯಾಡ. ನಿನ್ನ ಮಾರಿ ತೊಳದು ಬೆಳಸಿದಾಕಿ ನಾನು, ನನಗ ಓದಾಕ ಬರ್ತೈತಿ. ಐತಿ ಹೌದಿಲ್ಲೋ?”

ಸ್ಲೈಡಿನಿಂದ ಖಾತ್ರಿ ಹೇಳಲಾಗದು ಎಂದು ಅವನು ಅನ್ನಬಹುದಿತ್ತು, ಅದು ನಿಜವೂ ಆಗಿತ್ತು. ಅಪ್ಪ ಹಾಗೆ ಅನ್ನಲಿಲ್ಲ.

“ಐತಕ್ಕ.”

ಅಜ್ಜಿ ತಲೆ ಆಡಿಸಿದಳು. ಹತ್ತಿಯನ್ನು ಬೆರಳಿಗೆ ಒತ್ತಿಕೊಂಡೇ ಕೇಳಿದಳು, ತನ್ನ ರಕ್ತ ತೆಗೆದು ಗಿರಿಜಾಳಿಗೆ ಹಾಕಲು ಬರುತ್ತದೆಯೇ ಎಂದು. ಬರುವುದಿಲ್ಲ ಎಂದ ಅಪ್ಪ. ಅವಳು ಎದ್ದು ಪರದೆಯ ತನಕ ಹೋಗಿ, ತಿರುಗಿ, ನನ್ನ ಕಡೆ ನೋಡದೆಯೇ, “ಬಸಣ್ಣಗ ಹೊರಗ ಹೆಣ್ಣು ನೋಡ್ರಿ,” ಎಂದಳು. ನಾನು ಹುಟ್ಟಿದ ವಾರದಿಂದ ನಿಂತಿದ್ದ ಮಾತು ಅಷ್ಟಕ್ಕೇ ಮುಗಿಯಿತು.

ಮುಂದಿನ ತಿಂಗಳು ಗಿರಿಜಾಳಿಗೆ ಬಳ್ಳಾರಿಯಲ್ಲೇ ರಕ್ತ ಹಾಕಿಸಬೇಕೆಂದರು. ಅಪ್ಪ, ನಾನು, ಗಿರಿಜಾ ಹೊರಟಿದ್ದೆವು, ಅಜ್ಜಿ ತಾನೂ ಬರುತ್ತೇನೆಂದು ಚೀಲ ಹಿಡಿದು ಮುಂದೆ ನಡೆದಳು. ಬಸ್ಸಿನಲ್ಲಿ ಗಿರಿಜಾ ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಎದುರು ಸೀಟಿನ ಹೆಂಗಸೊಬ್ಬಳು ಬಹಳ ಹೊತ್ತು ನೋಡುತ್ತಿದ್ದವಳು ಕೇಳಿಯೇಬಿಟ್ಟಳು:

“ಏನಾಗೈತ್ರಿ ಯವ್ವಾ ಕೂಸಿಗೆ? ಎಷ್ಟು ಬೆಳ್ಳಗ ಆಗೇತಿ?”

ಇಂಥ ಪ್ರಶ್ನೆಗೆ ನಮ್ಮ ಮನೆಯ ಉತ್ತರ ಸಿದ್ಧವಾಗಿತ್ತು. ಮಣ್ಣು ತಿನ್ನುತ್ತಾಳೆ, ಭಾರೀ ಹಟಮಾರಿ ಎಂದು ಅಜ್ಜಿ ನೂರು ಸಲ ಹೇಳಿದ್ದನ್ನು ನಾನು ಕೇಳಿದ್ದೆ. ಅಪ್ಪ ಏನೋ ಹೇಳಲು ಬಾಯಿ ತೆರೆದ. ಅಜ್ಜಿ ಕೈ ಎತ್ತಿ ಅವನನ್ನು ತಡೆದಳು.

“ರಕ್ತದ ಜಡ್ಡು ಐತ್ರಿ. ನಮ್ಮ ಮನ್ಯಾಗಿಂದ ಬಂದೈತಿ. ಇವಗ ನನ್ನ ಮಗಳ್ನ ಕೊಟ್ಟಾಕಿ ನಾನು. ಹುಡುಗೀದೇನು ತಪ್ಪಿಲ್ಲ.”

ಅಕ್ಕಪಕ್ಕದ ಸೀಟಿನವರೂ ತಿರುಗಿ ನೋಡಿದರು. ಅಪ್ಪ ಅಕ್ಕನ ಹೆಗಲಿಗೆ ಹಣೆ ಹಚ್ಚಿ, ಅಷ್ಟು ಜನರ ಮುಂದೆ, ಸಣ್ಣ ಹುಡುಗನ ಹಾಗೆ ಅತ್ತ. ಅಜ್ಜಿ ಅವನನ್ನು ಅಳಬೇಡ ಅನ್ನಲಿಲ್ಲ. ಒಂದು ಕೈಯಿಂದ ಅವನ ಬೆನ್ನು ಸವರುತ್ತ, ಇನ್ನೊಂದರಿಂದ ಗಿರಿಜಾಳ ತಲೆ ಜಾರದಂತೆ ಹಿಡಿದುಕೊಂಡು, ಬಳ್ಳಾರಿ ಬರುವ ತನಕ ಹಾಗೇ ಕೂತಿದ್ದಳು.